ಸೇಬಿನ ಗುಂಡಿ

ಆಗಲ್ಲ ಅಂದವರು ನಮ್ಮಪ್ಪ. ಎರಡಕ್ಕೂ ಅಂದರು. ಮಗಳಾದ ನಾನು ಡಿಗ್ರಿ ಮುಗಿಸುವುದಕ್ಕೂ, ನಮ್ಮ ಹಿತ್ತಲಲ್ಲಿ ಸೇಬಿನ ಗಿಡ ನಿಲ್ಲುವುದಕ್ಕೂ. ಮನೆಯಲ್ಲಿ ಅದುವರೆಗೆ ಹತ್ತನೇ ಕ್ಲಾಸು ದಾಟಿದವರಿರಲಿಲ್ಲ. ಹಾಲ್ಕುರಿಕೆ ಕಡೆಯ ನಮ್ಮ ನೆಲದಲ್ಲಿ ತೆಂಗು, ರಾಗಿ ಬಿಟ್ಟು ಬೇರೇನೂ ಬೆಳೆದವರೂ ಇರಲಿಲ್ಲ.

ತೋಟಗಾರಿಕೆ ಓದುತ್ತಿದ್ದ ಮೂರನೇ ವರ್ಷ ಅವ್ವ ಒಂದು ಮಾತು ಕೇಳಿದ್ದಳು. ಚಳಿ ಶುರುವಾದರೆ ಕನಕಾಂಬರ, ಮಲ್ಲಿಗೆ ಎರಡೂ ಕೈಕೊಡುತ್ತವೆ, ದೇವರಿಗೆ ಪಕ್ಕದ ಮನೆಯ ಹೂ ಬೇಡಬೇಕು, ಇಷ್ಟು ಓದ್ತೀಯಲ್ಲ, ಚಳೀಲೂ ಬಿಡೋ ಅಂಥದ್ದು ಹಾಕು ಅಂತ.

ರಜೆಯಲ್ಲಿ ಪಟ್ಟಿ ಮಾಡಿದೆ. ಸೇವಂತಿಗೆ ಮೊದಲು, ಒಮ್ಮೆ ನೆಟ್ಟರೆ ಬುಡದಲ್ಲಿ ಮರಿ ಒಡೆದು ವರ್ಷ ವರ್ಷ ಬರುತ್ತದೆ. ನಾಟಿ ಗುಲಾಬಿ. ಹಣ್ಣಿಗೆ ಸೀಬೆ, ದಾಳಿಂಬೆ. ಪರಂಗಿ ಚಳಿಗೆ ಸೊರಗುತ್ತದೆಂದು ಪಟ್ಟಿಯಿಂದ ಹೊಡೆದುಹಾಕಿದೆ. ಕೊನೆಗೆ ಒಂದು ಸೇಬು, ನಮ್ಮಷ್ಟು ಚಳಿಯೇ ಸಾಕಾಗುವ ತಳಿ. ತೆಂಗಿನ ನೆರಳು ಬೀಳದ ಕಡೆ ಗುಂಡಿ ತೋಡಿ, ಮಣ್ಣು ಗೊಬ್ಬರ ತುಂಬುವುದನ್ನು ಅಪ್ಪನಿಗೆ ಬಿಟ್ಟೆ.

"ಸೇಬು ಕಾಶ್ಮೀರದ್ದು ಕಣವ್ವ. ತೆಂಗಿನ ನೆಲದಾಗೆ ನಿಲ್ಲಾಕಿಲ್ಲ, ಬುಡು" ಅಂದರು. ಆದರೂ ತುಂಬಿದರು. ಮಾರನೆಯ ದಿನ ಸಸಿ ನೆಟ್ಟು ನಾನು ಬಸ್ಸು ಹತ್ತಿದೆ.

ಎರಡು ತಿಂಗಳಿಗೆ ಬಂದು ನೋಡಿದರೆ ಮಿಕ್ಕೆಲ್ಲ ಚಿಗುರಿದ್ದವು, ಸೇಬಿನ ಎಲೆಯಂಚು ಮಾತ್ರ ಸುಟ್ಟಂತಾಗಿತ್ತು. ಕಾಯಿ ಕೀಳಲು ಬಂದವನಿಗೆ ಅಪ್ಪ, "ಡಿಗ್ರಿ ಗಿಡ ಒಣಗ್ತು ಕಣ್ಲಾ" ಅಂದು ನಕ್ಕರು. ನಾನು ಗಿಡ ಕಿತ್ತು, ಬೇರಿನ ಮಣ್ಣನ್ನು ನಾಲಿಗೆಗಿಟ್ಟು ನೋಡಿದೆ. ಉಪ್ಪು. ತೆಂಗಿನ ಸಸಿ ಇಡುವಾಗ ಗುಂಡಿಗೆ ಕಲ್ಲುಪ್ಪು ಸುರಿಯುವುದು ನಮ್ಮ ಕಡೆಯ ಪದ್ಧತಿ, ತೆಂಗಿಗೆ ಒಗ್ಗುತ್ತದೆ, ಸೇಬಿನ ಬೇರಿಗೆ ಆಗದು. ನಿಲ್ಲಾಕಿಲ್ಲ ಅಂದವರು, ನಿಲ್ಲಲಿ ಅಂತಲೇ ಸುರಿದಿದ್ದರು. ಉಪ್ಪಿನ ವಿಷಯ ನಾನು ಅಪ್ಪನನ್ನು ಕೇಳಲಿಲ್ಲ. ಅಷ್ಟರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು.

ಪುಷ್ಯಮಾಸದಲ್ಲಿ ಅವ್ವ ಹೋದಳು. ಸೇವಂತಿಗೆ ಮೈತುಂಬ ಬಿಟ್ಟಿತ್ತು. ಹೂ ತರಲು ತಿಪಟೂರಿಗೆ ಯಾರೂ ಹೋಗುವುದು ಬೇಡ ಅಂದೆ. ನಾನೇ ಕಿತ್ತೆ. ಒಂದು ಕುಕ್ಕೆ ತುಂಬಿತು, ಇನ್ನೊಂದು ತಂದುಕೊಂಡೆ. ಅಳು ಬರಲಿಲ್ಲ. ಕಿತ್ತಾದ ಮೇಲೆ ಗಿಡಗಳಿಗೆ ನೀರು ಬಿಟ್ಟೆ, ಜನ ನೋಡುತ್ತಿದ್ದರು.

ಆಮೇಲೆ ಒಂದೂವರೆ ವರ್ಷ ಓದಿದ್ದು ಹೇಗೆಂದು ಸರಿಯಾಗಿ ನೆನಪಿಲ್ಲ. ಫಸ್ಟ್ ಕ್ಲಾಸು ಬಂತು. ಈಗ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಅಂದು ಏನೂ ಅನ್ನಿಸಲಿಲ್ಲ. ಅಪ್ಪನಿಗೂ ನನಗೂ ಊಟಕ್ಕೆ ಕರೆಯುವಷ್ಟೇ ಮಾತು ಉಳಿದಿತ್ತು.

ಸರ್ಟಿಫಿಕೇಟು ತಂದ ದಿನ ಅಪ್ಪ ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದರು. ಕೈಗೆ ಕೊಟ್ಟೆ. ಅಂಚು ಹಿಡಿದು ನನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿದರು. ಆಮೇಲೆ ಬರಿದಾಗಿದ್ದ ಆ ಗುಂಡಿಯ ಕಡೆ ನೋಡಿದರು.

"ಇನ್ನೊಂದು ಸೇಬಿನ ಸಸಿ ತಂದಾಕವ್ವ" ಅಂದರು. "ಗುಂಡಿ ನೀನೇ ತುಂಬು. ಅವತ್ತು ನಾನು ಉಪ್ಪಾಕಿದ್ದೆ."