ಶಭಾಷ್ ಅನ್ನುವ ಟೀವಿ

ಶಾಲೆಗೆ ದೊಡ್ಡ ಟೀವಿ ಬಂದ ದಿನ ಅದಕ್ಕೆ ಆರತಿ ಎತ್ತಿದವಳು ಸುಧಳೇ. ಅರಿಶಿನ ಕುಂಕುಮ ಹಚ್ಚಿದಳು, ಮೂಲೆಗೊಂದು ಚೆಂಡು ಹೂ ಸಿಕ್ಕಿಸಿದಳು, ಊರವರು ಬೂದುಗುಂಬಳ ಒಡೆದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ತನ್ನ ಅನ್ನಕ್ಕೆ ಮಣ್ಣು ಹಾಕಲು ಬಂದದ್ದಕ್ಕೆ ತಾನೇ ಆರತಿ ಎತ್ತಿದಳಲ್ಲ, ಕೇಳಿದವರ ಮೈ ಉರಿಯಬೇಕು. ಹಾಗೆಂದು ಟೀವಿಯನ್ನು ಬೈದು ಏನು ಬಂತು? ಅದಕ್ಕೆ ಹಾಕಿದ್ದನ್ನು ಅದು ತೋರಿಸುತ್ತದೆ. ಹಾಕಿದವರನ್ನು ಬೈಯಬೇಕು.

ಸುಧ ಶ್ರೀರಂಗಪಟ್ಟಣದ ಹತ್ತಿರದ ಗಂಜಾಂನವಳು. ಅಪ್ಪ ಕೃಷ್ಣಾಚಾರಿ ಅಕ್ಕಸಾಲಿ. ಮನೆಯ ಜಗಲಿಯಲ್ಲೇ ಅಗ್ಗಿಷ್ಟಿಕೆ ಇಟ್ಟುಕೊಂಡು ಓಲೆ, ತಾಳಿ ಮಾಡಿ ಮಗಳನ್ನು ಟೀಚರ್ ಟ್ರೈನಿಂಗಿನ ತನಕ ಓದಿಸಿದವನು. ಸರ್ಕಾರಿ ಕೆಲಸ ಅವಳ ಕೈಗೆ ಹತ್ತಲಿಲ್ಲ. ಅರಕೆರೆಯಲ್ಲಿ ಬಾಗಿಲು ಕಿಟಕಿ ಮಾಡುವ ಜಯಕುಮಾರನನ್ನು ಮದುವೆಯಾಗಿ ಬಂದ ಮೇಲೆ, ನಾಲೆಯಾಚೆಯ ಕೊಪ್ಪಲಿನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದಳು. ಅತಿಥಿಯಂತೆ ಅತಿಥಿ! ಯಾವ ಮನೆಯಲ್ಲಿ ಅತಿಥಿಯನ್ನು ಪ್ರತಿ ಬೇಸಿಗೆಗೂ ಹೊರಗೆ ಕಳಿಸಿ, ಮಳೆಗಾಲಕ್ಕೆ ಮತ್ತೆ ಕರೆಯೋಣವೋ ಬೇಡವೋ ಎಂದು ಯೋಚಿಸುತ್ತಾರೆ? ಜೂನ್‌ನಲ್ಲಿ ಹೆಡ್‌ಮಾಸ್ಟರು ಹೆಸರು ಬರೆದುಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ವರ್ಷ ವರ್ಷವೂ ಅವಳ ಹೆಸರು ಬರುತ್ತಿತ್ತು. ಹಾಗಾಗಿ ಆ ತರಗತಿ ತನ್ನದೇ ಎಂದು ಅವಳು ನಂಬಿಬಿಟ್ಟಿದ್ದಳು.

ಅವಳು ಕಲಿಸುತ್ತಿದ್ದದ್ದು ಗಣಿತ. ಮಕ್ಕಳು ಕಡಿಮೆಯೆಂದು ನಾಲ್ಕನೇ ತರಗತಿಯೂ ಐದನೇ ತರಗತಿಯೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ಕೊನೆ ಸಾಲಿನ ಮಗುವಿಗೆ ಅರ್ಥವಾಗುವ ತನಕ ಸುಧ ಮುಂದಿನ ಲೆಕ್ಕಕ್ಕೆ ಹೋಗುವವಳಲ್ಲ. ಕೊನೆ ಸಾಲಿನಲ್ಲಿ ನಾಲ್ಕನೇ ತರಗತಿಯ ಮೇಘನ ಇದ್ದಳು. ಮುದ್ದು ಹುಡುಗಿ, ಆದರೆ ಇವತ್ತು ಕಲಿತದ್ದು ನಾಳೆಗೆ ಮರೆತುಹೋಗುತ್ತಿತ್ತು. ಮೂರರಲ್ಲಿ ಒಂದು ಪಾಲು ದೊಡ್ಡದೋ ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ ಎಂದರೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂದು ಅವಳು ಕಣ್ಣು ಮುಚ್ಚಿ ನಾಲ್ಕು ಅನ್ನುವಳು. ಆಗ ಸುಧ ಕಬ್ಬಿನ ಜಲ್ಲೆ ತಂದು, ಅದನ್ನು ಮೂರು ಜನರಿಗೆ ಕಡಿದು, ಅಷ್ಟೇ ಉದ್ದದ ಇನ್ನೊಂದನ್ನು ನಾಲ್ಕು ಜನರಿಗೆ ಕಡಿದು, ಯಾವ ತುಂಡು ಬೇಕೋ ಆರಿಸಿಕೋ ಎನ್ನುವಳು. ಕಬ್ಬಿನ ವಿಷಯದಲ್ಲಿ ಮೇಘನ ಪೆದ್ದಿಯಲ್ಲ. ಮೂರರ ಗುಂಪಿನ ತುಂಡನ್ನೇ ಎತ್ತಿಕೊಂಡು ಸಿಪ್ಪೆ ಸುಲಿಯುವಳು.

ಟೀವಿಯ ಜೊತೆಗೆ ಬಂದ ಪಾಠಗಳನ್ನು ಮಕ್ಕಳು ಮದುವೆಮನೆಯ ಮಂತ್ರದಂತೆ ಕೇಳಿದರು. ಯಾರೋ ಹುಡುಗಿ ಚಕಚಕನೆ ಪಿಜ್ಜಾ ಕತ್ತರಿಸುತ್ತ ಭಿನ್ನರಾಶಿ ಹೇಳಿಕೊಟ್ಟಳು. ಇಡೀ ತರಗತಿಗೆ ಒಂದೇ ಸಂದೇಹ: ಆ ರೊಟ್ಟಿಯ ಮೇಲೆ ಇಟ್ಟಿರುವುದು ಏನು? ಶಾಲಾ ಸಮಿತಿಯ ಅಧ್ಯಕ್ಷ ಚಿಕ್ಕಸಿದ್ದಯ್ಯ ಬಂದು ಬಾಗಿಲಲ್ಲೇ ನಿಂತು ನೋಡಿ, “ಏನ್ ಸಾರ್, ಇಷ್ಟ್ ದೊಡ್ ಟೀವಿ ತಂದು ಊಟದ್ ಅಂಗ್ಡಿ ತೋರಿಸ್ತಾವ್ರಲ್ಲ?” ಎಂದು ನಕ್ಕ.

ಹೆಡ್‌ಮಾಸ್ಟರ್ ಧರ್ಮೇಂದ್ರಪ್ಪನವರಿಗೆ ಮುಖಭಂಗವಾಯಿತು. ಕೆ.ಆರ್. ಪೇಟೆ ಕಡೆಯವರು, ಬೆಣ್ಣೆ ಹಚ್ಚಿದಂಥ ಮಾತು. ಅವತ್ತೇ ಸಂಜೆ ಸುಧಳನ್ನು ಕರೆದರು.

“ನಿಮ್ ಪಾಠ ಮಕ್ಳಿಗೆ ನಾಟ್ತದೆ ಮೇಡಮ್. ನೀವೇ ವಿಡಿಯೋ ಮಾಡಿ, ಟೀವಿಗೆ ಹಾಕ್ಬುಡಾನ.”

“ನಾನಾ ಸಾರ್? ಟೀವೀಲಾ?”

“ಮತ್ತಿನ್ಯಾರು? ಪ್ರಶ್ನೆ ಕೇಳಿ ಒಸಿ ಸುಮ್ನಿರಿ, ಮಕ್ಳು ಉತ್ರ ಹೇಳಾಕೆ ಜಾಗ ಬುಡಿ. ಆಮೇಲೆ ಶಭಾಷ್ ಅನ್ನಿ. ಕ್ಲಾಸಲ್ಲಿ ಇದ್ದಂಗೇ ಇರ್ತದೆ.”

“ಮಕ್ಳು ತಪ್ಪು ಹೇಳುದ್ರೆ ಸಾರ್? ಟೀವಿಗೆ ಗೊತ್ತಾಗಲ್ವಲ್ಲ?”

“ತಪ್ಪು ಹೇಳುದ್ರೆ ತಿದ್ದಾಕೆ ನೀವು ಪಕ್ಕದಲ್ಲೇ ಇರ್ತೀರಲ್ಲ ಮೇಡಮ್!”

ಹೌದಲ್ಲ ಎಂದುಕೊಂಡಳು ಸುಧ. ಆ ಚಳಿಗಾಲವೆಲ್ಲ ಅವಳಿಗೆ ಅದೇ ಹುಚ್ಚು. ಗಂಡ ಮೊಬೈಲು ಹಿಡಿದು ನಿಲ್ಲಬೇಕು, ಅತ್ತೆ ಸುಬ್ಬಮ್ಮ ಮಿಕ್ಸಿ ನಿಲ್ಲಿಸಬೇಕು, ಬೀದಿಯಲ್ಲಿ ಟ್ರಾಕ್ಟರು ಹೋದರೆ ಮತ್ತೆ ಮೊದಲಿಂದ. ನಾಲೆ ಏರಿಯ ಮೇಲೆ ಕಬ್ಬು ಕಡಿದು ಭಿನ್ನರಾಶಿ ಹೇಳಿದಳು, ಗದ್ದೆಯ ಬದು ತೋರಿಸಿ ವಿಸ್ತೀರ್ಣ ಹೇಳಿದಳು. ಇದ್ದದ್ದರಲ್ಲೇ ಒಳ್ಳೆಯ ಸೀರೆ ಉಟ್ಟಳು. ವರ್ಷದ ಗಣಿತವನ್ನೆಲ್ಲ ಒಂದೂ ಬಿಡದೆ ಅದರೊಳಗೆ ತುಂಬಿಸಿದಳು. ಪುಣ್ಯಾತ್ಗಿತ್ತಿ, ನಾಳೆಗೆಂದು ಒಂದು ಪಾಠವನ್ನಾದರೂ ಕೈಯಲ್ಲಿ ಉಳಿಸಿಕೊಳ್ಳಬಾರದಿತ್ತೇ!

ಸಂಕ್ರಾಂತಿಗೆ ಗಂಜಾಂಗೆ ಹೋದಾಗ ಅಪ್ಪನಿಗೆ ತೋರಿಸಿದಳು. ಕೃಷ್ಣಾಚಾರಿ ಕನ್ನಡಕ ಏರಿಸಿ ಪೂರ್ತಿ ನೋಡಿದ. ಸಂತೋಷಪಡಲಿಲ್ಲ. ಒಳಗೆ ಹೋಗಿ ಖಾಲಿ ಮರದ ಪೆಟ್ಟಿಗೆ ತಂದು ಮಗಳ ಮುಂದಿಟ್ಟ. ಒಂದು ಕಾಲಕ್ಕೆ ಅದರ ತುಂಬ ಅವನ ಅಚ್ಚುಗಳಿದ್ದವು. ಮೇಲೆ ತಗಡು ಇಟ್ಟು ಬಡಿದರೆ ಹೂವು, ಹಂಸ ಎದ್ದು ಬರುವಂಥವು, ಅವನ ಕೈಯಾರೆ ಕೊರೆದವು.

“ಮೈಸೂರ್ ಅಂಗ್ಡಿಯೋನು ಬಂದು, ಆಚಾರ್ರೇ ಅಚ್ಚು ಒಸಿ ಕೊಡಿ, ನೋಡಿ ಕೊಡ್ತೀನಿ ಅಂದ. ನಮ್ಮೋನೇ ಅಂತ ಕೊಟ್ಟೆ. ಆಮ್ಯಾಕೆ ಅವ್ನು ಈ ಬೀದಿಗೇ ಬರ್ನಿಲ್ಲ. ಅವ್ನಿಗೆ ಬೇಕಾಗಿದ್ದು ಅಚ್ಚು ಕಣವ್ವ, ನಾನಲ್ಲ. ನೀನೂ ಅದ್ನೇ ಮಾಡಿದ್ದೀಯ.”

“ಇಸ್ಕೂಲೂ ಚಿನ್ನದಂಗ್ಡಿಯೂ ಒಂದೇನಪ್ಪ? ನಿಂಗೆ ಎಲ್ರ ಮೇಲೂ ಅನುಮಾನ.” ಸುಧ ನಕ್ಕಳು. ಅಪ್ಪ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ.

ಪಾಠಗಳು ಟೀವಿಗೇರಿದವು, ಮಕ್ಕಳು ಕುಣಿದಾಡಿದರು. ಪರದೆಯ ಸುಧ ಪ್ರಶ್ನೆ ಕೇಳಿ ಸುಮ್ಮನಾದರೆ ಕೋಣೆ ಹಾರಿಹೋಗುವಂತೆ ಉತ್ತರ ಕೂಗುತ್ತಿದ್ದರು. ನಿಜವಾದ ಸುಧ ಕೊನೆ ಸಾಲಿನಲ್ಲಿ ಮೇಘನಳ ಪಕ್ಕ ಕೂತು ಅವಳ ಬಾಯಿಂದ ಏನು ಬರುತ್ತದೆ ಎಂದು ಕಿವಿಗೊಡುತ್ತಿದ್ದಳು. ತಪ್ಪು ಬಂದರೆ ಟೀವಿ ನಿಲ್ಲಿಸಿ ಕಬ್ಬು ತರಿಸುತ್ತಿದ್ದಳು. ಅಧಿಕಾರಿಗಳು ಬಂದು ನೋಡಿ ತಲೆದೂಗಿದರು. ಶ್ರೀರಂಗಪಟ್ಟಣದ ಸಭೆಯಲ್ಲಿ ಧರ್ಮೇಂದ್ರಪ್ಪನವರಿಗೆ ಶಾಲು ಹೊದಿಸಿದರು. ಅವರು ಮೈಕಿನಲ್ಲಿ “ನಮ್ಮ ಶಾಲೆಯ ಪ್ರಯೋಗ” ಎಂದರು. ಸುಧಳ ಹೆಸರು ನಾಲಿಗೆಗೆ ಬರಲಿಲ್ಲ, ಪಾಪ, ಮರೆತಿರಬೇಕು. ಹಿಂದಿನ ಕುರ್ಚಿಯಲ್ಲಿ ಕೂತು ಅವಳು ಅಲ್ಲೂ ಚಪ್ಪಾಳೆ ತಟ್ಟಿದಳು.

ಜೂನ್ ಬಂತು. ಶಾಲೆ ತೆರೆದ ದಿನ ಸುಧ ತಲೆಗೆ ಹೂ ಮುಡಿದು ಹೋದಳು. ಆಫೀಸು ಕೋಣೆಯಲ್ಲಿ ಧರ್ಮೇಂದ್ರಪ್ಪ, ಪಕ್ಕದಲ್ಲಿ ಚಿಕ್ಕಸಿದ್ದಯ್ಯ.

“ಈ ಸಲ ಮೇಲಿಂದ ಒಂದೇ ಪೋಸ್ಟ್ ಕೊಟ್ಟವ್ರೆ ಮೇಡಮ್,” ಎಂದರು ಹೆಡ್‌ಮಾಸ್ಟರು, ಮುಖ ನೋಡದೆ. “ಇಂಗ್ಲಿಷ್‌ಗೆ ಯಾರೂ ಇಲ್ಲ ನೋಡಿ. ಅದ್ಕೆ ಬೇರೆಯವ್ರನ್ನ ತಗೊಂಡೆ.”

“ಗಣಿತಕ್ಕೆ ಯಾರು ಸಾರ್?”

“ಗಣಿತಕ್ಕೆ ನೀವೇ ಇದ್ದೀರಲ್ಲ ಮೇಡಮ್, ಟೀವೀಲಿ.”

ಅವಳಿಗೆ ಮೊದಲು ತಮಾಷೆ ಅನ್ನಿಸಿತು. ನಗಲು ಬಾಯಿ ತೆರೆದವಳು ಅವರ ಮುಖ ನೋಡಿ ಮುಚ್ಚಿದಳು.

“ತಪ್ಪು ಹೇಳುದ್ರೆ ತಿದ್ದಾಕೆ ನೀವಿರ್ತೀರಿ ಅಂದಿದ್ರಿ ಸಾರ್.”

“ಮಾತಿಗಂದೆ ಮೇಡಮ್. ನಾನೇನ್ ಮಾಡ್ಲಿ?”

“ಅಂಗಾರೆ ನನ್ ಪಾಠ ತೆಗೆದ್ಬುಡಿ. ನಾನ್ ಬ್ಯಾಡ, ನನ್ ಗಂಟ್ಲು ಮಾತ್ರ ಬೇಕಾ?”

ಚಿಕ್ಕಸಿದ್ದಯ್ಯ ಸಮಾಧಾನದ ಸ್ವರದಲ್ಲಿ ಹೇಳಿದ. “ಅಯ್ಯೋ, ಅಂಗನ್ಬ್ಯಾಡಿ ಕಣವ್ವ. ಅದ ತೆಗುದ್ರೆ ನಮ್ ಮಕ್ಳಿಗೆ ಲೆಕ್ಕ ಹೇಳೋರ್ಯಾರು? ಮಕ್ಳ ಮೇಲ್ಯಾಕೆ ಸಿಟ್ಟು?”

ನೋಡಿ ನ್ಯಾಯ! ಕೆಲಸ ಕಳೆದುಕೊಂಡವಳೂ ಅವಳೇ, ಮಕ್ಕಳ ಮೇಲೆ ಸಿಟ್ಟಿರುವವಳೂ ಅವಳೇ. ಸುಧ ಎದ್ದು ಬಂದಳು. ದಾರಿಯಲ್ಲಿ ಹೂ ಕಿತ್ತು ನಾಲೆಗೆ ಎಸೆದಳು. ಅಪ್ಪನಿಗೆ ವಾರಗಟ್ಟಲೆ ಫೋನು ಮಾಡಲಿಲ್ಲ. ಅವನು ಆಡಿ ತೋರಿಸುವವನಲ್ಲ, ಆದರೆ ಆ ಖಾಲಿ ಪೆಟ್ಟಿಗೆಯನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಈಗ ಅರಕೆರೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮಡಿಸುತ್ತಾಳೆ. ಪಾಂಡವಪುರದ ಖಾಸಗಿ ಶಾಲೆಯೊಂದರಲ್ಲಿ ಜಾಗವಿದೆ, ಕೆಲಸ ಮಾಡಿದ್ದಕ್ಕೆ ಹೆಡ್‌ಮಾಸ್ಟರಿಂದ ಬರೆಸಿ ತನ್ನಿ ಎಂದರು. ಬೇರೆ ದಾರಿಯಿಲ್ಲದೆ ದಸರಾ ರಜೆ ಮುಗಿದ ಮೇಲೊಂದು ಬೆಳಿಗ್ಗೆ ಕೊಪ್ಪಲಿಗೆ ಹೋದಳು. ಧರ್ಮೇಂದ್ರಪ್ಪ ಮೀಟಿಂಗಿಗೆ ಹೋಗಿದ್ದರು. ಕಾಯೋಣವೆಂದು ಜಗಲಿಯ ಮೇಲೆ ನಿಂತವಳಿಗೆ ತನ್ನದೇ ದನಿ ಕೇಳಿಸಿತು.

ಕಿಟಕಿಯಿಂದ ನೋಡಿದಳು. ತರಗತಿಯಲ್ಲಿ ದೊಡ್ಡವರು ಯಾರೂ ಇಲ್ಲ. ಪರದೆಯ ಮೇಲೆ ಒಳ್ಳೆಯ ಸೀರೆ ಉಟ್ಟ ಸುಧ, ಕೈಯಲ್ಲಿ ಕಬ್ಬು. ಮೇಘನ ಈಗ ಐದನೇ ತರಗತಿ, ಆದರೂ ಅದೇ ಕೊನೆ ಸಾಲು, ಕಿಟಕಿಯ ಪಕ್ಕದಲ್ಲೇ.

“ಹೇಳಿ ಮಕ್ಕಳೇ, ಮೂರು ಜನಕ್ಕೆ ಹಂಚಿದರೆ ತುಂಡು ದೊಡ್ಡದೋ, ನಾಲ್ಕು ಜನಕ್ಕೆ ಹಂಚಿದರೆ ದೊಡ್ಡದೋ?” ಎಂದು ಕೇಳಿ ಪರದೆಯ ಸುಧ ಸುಮ್ಮನಾದಳು.

“ನಾಕು ಮಿಸ್!” ಮೇಘನ ಎದ್ದು ನಿಂತು ಕೂಗಿದಳು.

“ಶಭಾಷ್! ಸರಿಯಾಗಿ ಹೇಳಿದೆ, ಕೂತುಕೋ.”

ಮೇಘನ ಮುಖವರಳಿಸಿ ಕೂತಳು. ಸುಧಳಿಗೆ ತಡೆಯಲಾಗಲಿಲ್ಲ. ಕಿಟಕಿಯ ಸರಳು ಹಿಡಿದು, “ಅಲ್ಲ ಕಣೇ ಮೇಘನ, ಮೂರು! ಕಬ್ಬು ನೆನಪಿಲ್ವಾ? ಮೂರು ಜನಕ್ಕೆ ಅಂಚುದ್ರೇನೇ ದೊಡ್ ತುಂಡು” ಎಂದಳು.

ಮೇಘನ ತಿರುಗಿದಳು. ಮಿಸ್ಸನ್ನು ಕಂಡು ಮೊದಲು ಕಣ್ಣರಳಿಸಿದಳು. ಆಮೇಲೆ ಟೀವಿ ನೋಡಿದಳು, ಮತ್ತೆ ಕಿಟಕಿ ನೋಡಿದಳು. ಮುಖ ಸಣ್ಣದಾಯಿತು.

“ಈಗ್ತಾನೆ ನೀವೇ ಶಭಾಷ್ ಅಂದ್ರಲ್ಲ ಮಿಸ್?”

ಅಷ್ಟರಲ್ಲಿ ಪರದೆಯ ಸುಧ ಮುಂದಿನ ಲೆಕ್ಕ ಶುರು ಮಾಡಿದ್ದಳು, ಮೇಘನ ಆ ಕಡೆ ತಿರುಗಿ ಕೂತಳು.