ಹೊಳಿ ದಂಡಿಯಲ್ಲಿ ನಾನು ಹಾಕಿದ ಗಂಟು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ತಲೆ ತುಂಬ ಕೂದಲು, ಎರಡೂ ಮುಷ್ಟಿ ಬಿಗಿ ಹಿಡಿದುಕೊಂಡೇ ಬಂದಿದ್ದಾಳೆ. ಹನ್ನೊಂದು ದಿನ ಆಯಿತು, ಇನ್ನೂ ಓಣಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದೇನೆ. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು. ಆದರೂ ಬರೆಯಲು ಕೂತಿದ್ದೇನೆ, ಯಾಕಂದರೆ ಈ ಸಂತೋಷದ ಬಗಲಲ್ಲೇ ಒಂದು ಸಿಟ್ಟು ಕೂತಿದೆ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಮಗಳನ್ನು ಕೊಟ್ಟಿದ್ದು ಕೃಷ್ಣಾ ಹೊಳಿಯ ಆಚೆ ದಂಡೆಗೆ, ಒಕ್ಕಲುತನದವರಿಗೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ, ಒಂಬತ್ತು ತಿಂಗಳು ಬಿದ್ದ ಕೂಡಲೇ ಕರೆತರಲು ಹೋದೆ. ಸುತ್ತು ರಸ್ತೆ ತುಂಬ ತಗ್ಗು, ಬಸುರಿಗೆ ದೋಣಿಯೇ ಛಲೋ ಅಂದರು.

ಆ ದಂಡೆ ನೀವು ನೋಡಬೇಕು. ಮೆಟ್ಟಿಲು ಕಟ್ಟುತ್ತೇವೆಂದು ತಂದು ಸುರಿದ ಕಲ್ಲಿನ ಗುಂಪಿಯಲ್ಲಿ ಈಗ ಜಾಲಿ ಬೆಳೆದಿದೆ. ನೆರಳಿಗೆಂದು ಹಾಕಿದ ತಗಡು ಗಾಳಿಗೆ ಹಾರಿ ಯಾರದೋ ದನದ ಕೊಟ್ಟಿಗೆ ಸೇರಿದೆ. ‘ಜಾಕೀಟು ಇಲ್ಲದೆ ದೋಣಿ ಹತ್ತಬಾರದು’ ಎಂಬ ಬೋರ್ಡು ಮಾತ್ರ ಹೊಸ ಬಣ್ಣದಲ್ಲಿ ಹೊಳೆಯುತ್ತದೆ. ಜಾಕೀಟು ಎಲ್ಲಿ ಅಂದರೆ ಕೋಣೆಯಲ್ಲಿ. ಕೀಲಿ ಎಲ್ಲಿ ಅಂದರೆ, ‘ಪಂಚಾಯ್ತಿ ಸಾಹೇಬರ ಕಡೆ, ಅವರು ಊರಾಗಿಲ್ಲರಿ.’ ನಾನು ಆ ದಾರಿ ಹಿಡಿದು ಮೂರು ವರ್ಷ, ಅವರು ಒಂದು ದಿನವೂ ಊರಲ್ಲಿಲ್ಲ.

ಬೇಸಿಗೆಗೆ ನೀರು ಹಿಂದೆ ಸರಿದು ಮೊಣಕಾಲುದ್ದ ರಾಡಿ. ದೋಣಿ ಕಟ್ಟಲು ಒಂದು ಕಂಬ ಇಲ್ಲ, ಇರುವ ಜಾಲಿ ಗಿಡ ದೂರ. ದೋಣಿಯ ಹಗ್ಗ ಅಲ್ಲಿತನಕ ಮುಟ್ಟಲಿಲ್ಲ. ಅಂಬಿಗ ಇನ್ನೊಂದು ತುಂಡು ಎಸೆದು, “ಅಮ್ಮಾರ, ಇವೆರಡೂ ಜೋಡಿಸಿ ಗಂಟ ಹಾಕ್ರಿ, ನಾ ಹಲಗಿ ಇಡತೇನಿ” ಅಂದ.

ನಾನು ನಕ್ಕೆ. ಗಂಟು ಹಾಕುವುದನ್ನು ನನಗೆ ಯಾರು ಹೇಳಬೇಕು? ಮಗ್ಗದಲ್ಲಿ ಎಳೆ ಹರಿದರೆ ಕಣ್ಣು ಮುಚ್ಚಿ ಹಾಕುತ್ತೇನೆ. ಸಣ್ಣ ಗಂಟು, ಸೀರೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದನ್ನೇ ಹಾಕಿದೆ.

“ಯವ್ವಾ, ಗಟ್ಟಿ ಐತೇನ ಬೇ?” ಅಂದಳು ಮಗಳು.

“ಸೀರಿ ಹರದೀತು, ನನ್ನ ಗಂಟ ಬಿಚ್ಚಂಗಿಲ್ಲ. ಹತ್ತ ನೀ.”

ಒಂದು ಕಾಲು ದೋಣಿಯಲ್ಲಿಟ್ಟಳು. ಗಾಳಿ ಬೀಸಿತು, ಹಗ್ಗ ಜಗ್ಗಿತು, ತೊಯ್ದ ಪ್ಲಾಸ್ಟಿಕ್ ಹಗ್ಗದಿಂದ ನನ್ನ ಗಂಟು ಎಣ್ಣೆ ಹಚ್ಚಿದಂತೆ ಜಾರಿತು. ದೋಣಿ ಅತ್ತ, ಹಲಗೆ ಇತ್ತ, ಮಗಳು ನಡುವೆ ನೀರಲ್ಲಿ. ಅಂಬಿಗ ಹಾರಿ ರಟ್ಟೆ ಹಿಡಿದ. ಸೊಂಟದ ತನಕ ತೊಯ್ದು ಮೇಲೆ ಬಂದವಳು ನನ್ನ ಮುಖ ನೋಡಿ, “ಯವ್ವಾ, ನೋವು ಬರಾಕತ್ತೇತಿ” ಅಂದಳು.

ಅಂಬಿಗನೇ ದೋಣಿ ಜಗ್ಗಿ ತಂದು ಅವಳನ್ನು ಎತ್ತಿ ಮಲಗಿಸಿದ. ನಡು ಹೊಳಿಯಲ್ಲಿ ನೀರ ಮೇಲೆ ಹಬ್ಬಿದ ಅಂತರಗಂಗೆ ಬಳ್ಳಿ ಇಂಜಿನ್ನಿನ ಫ್ಯಾನಿಗೆ ಸುತ್ತಿ ದೋಣಿ ನಿಂತಿತು. ಅವನು ಕುಡುಗೋಲಿನಿಂದ ಬಳ್ಳಿ ಕೊಯ್ಯುತ್ತ, “ನಿಮ್ಮ ಗಂಟ ನೂಲಿಗೆ ಛಲೋರಿ, ಅಮ್ಮಾರ. ನಾ ನೋಡಬೇಕಾಗಿತ್ತು” ಅಂದ. ಬೈದಿದ್ದರೆ ವಾಸಿ ಇತ್ತು. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಬೋರ್ಡಿಗೆ ಬಣ್ಣ ಬಳಿದವರಿಗೆ ಒಂದು ಕಂಬ ಹುಗಿಯಲು ಏನು ಧಾಡಿ? ಅವರ ಮನೆಯ ಹೆಣ್ಣುಮಕ್ಕಳು ಬಸುರಾಗುವುದಿಲ್ಲವೇ, ಹೊಳಿ ದಾಟುವುದಿಲ್ಲವೇ?

ಈಚೆ ದಂಡೆಯಿಂದ ಟಂಟಂ ಆಟೋ ಹಿಡಿದು ಜಮಖಂಡಿ ದವಾಖಾನೆ ಮುಟ್ಟಿದೆವು. ಊಟದ ಹೊತ್ತು ಮೀರಿದ ಮೇಲೆ ಒಳಗಿಂದ ಕೂಸಿನ ಅಳು ಕೇಳಿತು. ಅಂಥ ಗಟ್ಟಿ ದನಿಯನ್ನು ನಾನು ಕೇಳಿಲ್ಲ. ಹೊಳಿಯನ್ನೇ ಬೈಯುತ್ತಿದ್ದಳೋ ಏನೋ.

ಸಂಜೆಗೆ ಬೀಗತಿ, ಅಳಿಯ ಅದೇ ದೋಣಿಯಲ್ಲಿ ಬಂದರು. ಬನಹಟ್ಟಿಯಿಂದ ನಮ್ಮ ಮನೆಯವರೂ ಬಂದರು. ಕೂಸನ್ನು ಎತ್ತಿಕೊಂಡು ನಾನು ಹೇಳಿಯೇಬಿಟ್ಟೆ: “ಅಲ್ಲಿ ಕಂಬ ಹುಗಿಯೂತನಕ ಈಕಿನ್ನ ಕಳಸಂಗಿಲ್ಲ. ಸಿಟ್ಟಾದರ ಆಗ್ರಿ.”

ಬೀಗತಿ ರೊಟ್ಟಿ ಕಟ್ಟಿದ ಅರಿವೆ ನನ್ನ ಮುಂದೆ ಇಟ್ಟಳು.

“ಪಂಚಾಯ್ತಿಯವರ ದಾರಿ ಕಾಯೂದು ಸಾಕು, ಕಂಬ ನಾವ ಹುಗೀತೇವಿ. ಹಗ್ಗ ಮಾತ್ರ ನೀವು ಮುಟ್ಟಬ್ಯಾಡ್ರಿ, ಬೀಗತಿ.”

ಮಂಚದ ಮೇಲಿದ್ದ ಮಗಳೇ ಮೊದಲು ನಕ್ಕಳು. ನನಗೆ ಅಳು, ನಗು ಎರಡೂ ಬಂದವು. ಅರಿವೆಯ ಗಂಟು ಬಿಚ್ಚಿದೆ. ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮಗಳಿಗೆ ಬೆಲ್ಲ ಹಾಕಿದ ಬಿಸಿ ಸಜ್ಜಕ. ಅವಳ ಮಂಚದ ಸುತ್ತ ಕೂತು, ಕೂಸನ್ನು ತೊಡೆಯಿಂದ ತೊಡೆಗೆ ದಾಟಿಸುತ್ತ ಎಲ್ಲರೂ ಕೂಡಿ ಉಂಡೆವು.