ರುದ್ರಭೂಮಿಯ ಮೇಲಿನ ಮೂಲೆ

ನಾನು ಉಡುಪಿ ನಗರಸಭೆಯ ಆರೋಗ್ಯ ವಿಭಾಗದಲ್ಲಿ ನಿರೀಕ್ಷಕಿಯಾಗಿದ್ದೆ. ಆರೋಗ್ಯ ಎಂಬ ಮಾತು ಕೇಳಿ ಹೊಸಬರು ನನ್ನನ್ನು ಆಸ್ಪತ್ರೆಯವಳೆಂದೇ ತಿಳಿಯುತ್ತಿದ್ದರು. ಜ್ವರಕ್ಕೆ ಯಾವ ಮಾತ್ರೆ ಒಳ್ಳೆಯದು ಎಂದು ಮದುವೆ ಮನೆಗಳಲ್ಲಿ ಕೇಳಿದವರೂ ಉಂಟು. ನಮ್ಮ ಕೆಲಸ ಬೇರೆಯೇ. ಬೆಳಗಿನ ಕಸ, ಕಟ್ಟಿಕೊಂಡ ಚರಂಡಿ, ಮೀನು ಮಾರುಕಟ್ಟೆಯ ಹೊಲಸು ನೀರು, ಹೋಟೆಲುಗಳ ಪರವಾನಗಿ, ಬೀದಿ ನಾಯಿ. ಇವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ರುದ್ರಭೂಮಿಯೂ ನಮ್ಮದೇ. ಅಲ್ಲಿ ಕಟ್ಟಿಗೆ ಸಾಕಷ್ಟು ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಚಿತಾಗಾರದ ಮಾಡಿನ ತಗಡು ಹಾರಿಹೋಗಿದೆಯೇ ಎಂದು ನೋಡುವುದಷ್ಟೇ ಆ ಕೆಲಸ ಎಂದು ಬಹಳ ಕಾಲ ನಾನು ನಂಬಿದ್ದೆ.

ಪರ್ಕಳದ ಕಡೆಯ ಬೀದಿಗಳನ್ನು ಗುಡಿಸುವವರಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹೆಂಗಸಿದ್ದಳು. ವಯಸ್ಸಿನಲ್ಲಿ ನನಗಿಂತ ತುಸು ಚಿಕ್ಕವಳು. ಗಂಡ ಮಣಿಪಾಲದಲ್ಲಿ ಏಳುವ ಕಟ್ಟಡಗಳಲ್ಲಿ ಕಾಂಕ್ರೀಟು ಕೆಲಸಕ್ಕೆ ಹೋಗುತ್ತಿದ್ದ. ಒಬ್ಬಳೇ ಮಗಳು, ಕಾಲೇಜಿನಲ್ಲಿ ಓದುತ್ತಿದ್ದಳು. ಮೂವರೂ ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದರು.

ಆಕೆ ಹಸಿ ಕಸ, ಒಣ ಕಸ ಬೇರೆ ಮಾಡದವರನ್ನು ಬಿಡುತ್ತಲೇ ಇರಲಿಲ್ಲ. ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿ ಗೇಟಿಗೆ ನೇತು ಹಾಕಿದ ಮನೆಯೆದುರು ಯಜಮಾನಿ ಹೊರಗೆ ಬರುವ ತನಕ ನಿಂತೇ ಇರುತ್ತಿದ್ದಳು. ಕಲಿತಷ್ಟು ತುಳುವಿನಲ್ಲಿ ಬೈಯಲು ತೊಡಗಿ, ಶಬ್ದ ಸಾಲದಾದಾಗ ತನ್ನೂರಿನ ಕನ್ನಡಕ್ಕೆ ಇಳಿಯುತ್ತಿದ್ದಳು. ದೂರು ನನಗೆ ಬರುತ್ತಿತ್ತು. ವಿಚಾರಿಸಲು ಹೋದರೆ ದೂರು ಕೊಟ್ಟವರ ಮನೆಯ ಕಟ್ಟೆಯ ಮೇಲೆಯೇ ಕೂತು ಚಹಾ ಕುಡಿಯುತ್ತಿರುತ್ತಿದ್ದಳು. ನನ್ನನ್ನು ಕಂಡು, "ಜಗಳಾ ಮುಗೀತು ಬರ್ರಿ ಅಕ್ಕಾರ, ನೀವೂ ಚಾ ಕುಡೀರಿ" ಎನ್ನುತ್ತಿದ್ದಳು. ಆಗಾಗ ಜೋಳದ ರೊಟ್ಟಿ, ಅಗಸಿ ಚಟ್ನಿ ತಂದು ನನ್ನ ಸ್ಕೂಟರಿನ ಪೆಟ್ಟಿಗೆಯಲ್ಲಿ ಇಟ್ಟುಹೋಗುವುದೂ ಇತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಆಕೆ ಹಾಜರಿಗೆ ಬರಲಿಲ್ಲ. ನೀರು ಹಿಡಿಯಲು ಹೋದವಳು ನಲ್ಲಿಯ ಹತ್ತಿರವೇ ಕುಸಿದಿದ್ದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು ಆಸ್ಪತ್ರೆಯವರು. ಮರುದಿನ ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಶವಾಗಾರದ ಹತ್ತಿರ ಹೋದಾಗ ಗಂಡ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಮಗಳು ಅಮ್ಮನ ಚಪ್ಪಲಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಿಡಿದುಕೊಂಡಿದ್ದಳು. ಏನು ಹೇಳಬೇಕೆಂದು ತೋಚದೆ ನಾನು ಕಚೇರಿಯ ಮಾತನ್ನೇ ಆಡಿದೆ. ನಮ್ಮ ವಾಹನ ಕಳಿಸುತ್ತೇನೆ, ಕಟ್ಟಿಗೆಯ ವ್ಯವಸ್ಥೆ ನಾನೇ ನೋಡಿಕೊಳ್ಳುತ್ತೇನೆ, ನೀವು ಯಾವುದಕ್ಕೂ ಓಡಾಡುವುದು ಬೇಡ ಎಂದೆ.

ಗಂಡ ತಲೆಯೆತ್ತಿದ. "ಸುಡೂದು ಬ್ಯಾಡ್ರಿ ಅಕ್ಕಾರ. ನಮ್ಮಲ್ಲಿ ಮಣ್ಣು ಮಾಡ್ತಾರ."

"ಹಾಗಾದರೆ ಊರಿಗೆ ಕರಕೊಂಡು ಹೋಗ್ತೀರಾ? ಆಂಬುಲೆನ್ಸ್ ಮಾಡಿಸ್ತೇನೆ."

"ಊರ ಎಲ್ಲೈತ್ರೀ?"

ನನಗೆ ಅರ್ಥವಾಗಲಿಲ್ಲ. ಮಗಳೇ ಹೇಳಿದಳು, ನಮ್ಮಂತೆಯೇ ಮಾತಾಡುವ ಕರಾವಳಿಯ ಕನ್ನಡದಲ್ಲಿ. "ಊರು ಡ್ಯಾಮಿನ ಹಿನ್ನೀರಲ್ಲಿ ಮುಳುಗಿದೆ ಮೇಡಂ. ನಾನು ಹುಟ್ಟುವ ಮೊದಲೇ. ಅಪ್ಪನ ಮನೆಯವರನ್ನೆಲ್ಲ ಮಣ್ಣು ಮಾಡಿದ ಜಾಗವೂ ನೀರಿನ ಅಡಿಯಲ್ಲೇ ಉಂಟು. ಹೊಸ ಊರು ಅಂತ ಕೊಟ್ಟಲ್ಲಿ ಈಗ ನಮ್ಮವರು ಯಾರೂ ಇಲ್ಲ."

ನಮ್ಮ ರುದ್ರಭೂಮಿಯಲ್ಲಿ ಅಲ್ಲಿಯ ತನಕ ಯಾರನ್ನೂ ಹೂತಿರಲಿಲ್ಲ. ಬೇರೆ ಬೇರೆ ಸಮುದಾಯದವರಿಗೆ ಅವರವರ ಜಾಗಗಳಿವೆ. ಈ ಮನುಷ್ಯನಿಗೆ ಹೇಳಿಕೊಳ್ಳಲು ಅಂಥ ಯಾವ ಜಾಗವೂ ಇರಲಿಲ್ಲ. ನಾನು ಹೊರಗೆ ಬಂದು ಪೌರಾಯುಕ್ತರಿಗೆ ಫೋನು ಮಾಡಿದೆ. ಅವರು, "ಕೂಡದು ಅಂತ ನಿಯಮ ಏನೂ ಇಲ್ಲ. ಆದರೆ ಅಲ್ಲಿ ರೂಢಿ ಇಲ್ಲ. ಎಂಜಿನಿಯರನ್ನು ಕರಕೊಂಡು ಹೋಗಿ ಜಾಗ ತೋರಿಸಿ. ಸುತ್ತಲಿನವರನ್ನು ಕೇಳಿ. ಅವರು ಒಪ್ಪಿದರೆ ಮಾಡಿ. ಹೆಣ ಇಟ್ಟುಕೊಂಡು ಗಲಾಟೆ ಆಗಬಾರದು" ಎಂದರು.

ಸುತ್ತಲಿನವರು ಎಂದರೆ ಬೇಲಿಯಾಚೆಗೆ ಒಂದೇ ಮನೆ. ಮುಂಬಯಿಯಲ್ಲಿ ಹೋಟೆಲು ನಡೆಸಿ, ಮಕ್ಕಳಿಗೆ ಬಿಟ್ಟುಕೊಟ್ಟು, ಹೆಂಡತಿಯೊಂದಿಗೆ ಹಿಂದಿರುಗಿದ್ದ ಹಿರಿಯರು ಅಲ್ಲಿದ್ದರು. ತಗಡು ಹಾರಿದರೆ, ನಾಯಿಗಳು ಒಳಗೆ ನುಗ್ಗಿದರೆ ಮೊದಲ ಫೋನು ಅವರದೇ. ನಾನು, ಎಂಜಿನಿಯರ್ ಹೋದಾಗ ಅವರು ಅಂಗಳದ ಬಾವಿಯ ಕಟ್ಟೆಗೆ ಒರಗಿ ನಿಂತಿದ್ದರು. ಅಪ್ಪ ಮಗಳೂ ನನ್ನ ಹಿಂದೆಯೇ ರಿಕ್ಷಾದಲ್ಲಿ ಬಂದಿಳಿದರು. ಬರಬೇಡಿ ಎಂದು ನಾನು ಹೇಳಿದ್ದರೂ ಆತ ಕೇಳಿರಲಿಲ್ಲ.

ನಾನು ತುಳುವಿನಲ್ಲಿ ವಿಷಯ ಹೇಳಿದೆ. ಅವರೂ ತುಳುವಿನಲ್ಲೇ ಉತ್ತರ ಕೊಟ್ಟರು. ಸಿಟ್ಟಿನಿಂದಲ್ಲ, ಆದರೆ ಖಡಾಖಂಡಿತವಾಗಿ. ಬಾವಿಯನ್ನು ತೋರಿಸಿದರು. ನೀರು ತಳ ಮುಟ್ಟಿತ್ತು, ಕೊಡಪಾನ ಇಳಿಸಿದರೆ ಕಲ್ಲಿಗೆ ತಾಗುವಷ್ಟು. ಆ ಬೇಸಿಗೆಯಲ್ಲಿ ನಮ್ಮ ಟ್ಯಾಂಕರುಗಳು ಎಲ್ಲ ಕಡೆ ಓಡುತ್ತಿದ್ದವು, ಎಲ್ಲಿಗೂ ಸಾಲುತ್ತಿರಲಿಲ್ಲ.

"ಸುಟ್ಟರೆ ಬೂದಿ, ಅಲ್ಲಿಗೆ ಮುಗಿಯಿತು" ಎಂದರು. "ಹೂತರೆ ಮಳೆಗಾಲದಲ್ಲಿ ಅದರ ನೀರು ಎಲ್ಲಿಗೆ ಬರುವುದು? ಇದೇ ಬಾವಿಗೆ. ನಾವು ಇಬ್ಬರೂ ಕುಡಿಯುವುದು ಇದನ್ನೇ. ನೀವೇ ಹೇಳಿ, ನಿಮ್ಮ ಮನೆಯ ಬಾವಿಯಾದರೆ ನೀವು ಒಪ್ಪುತ್ತೀರಾ? ಇವತ್ತು ಒಂದು, ನಾಳೆ ಹತ್ತು. ಹೊರಗಿನಿಂದ ಬಂದವರಿಗೆ ಎಲ್ಲ ಇಲ್ಲಿಯೇ ಆಗಬೇಕು ಅಂದರೆ ಹೇಗೆ?"

ನನ್ನ ಹಿಂದೆ ನಿಂತಿದ್ದ ಹುಡುಗಿ ಅಷ್ಟೇ ಸ್ವಚ್ಛವಾದ ತುಳುವಿನಲ್ಲಿ ಹೇಳಿದಳು, "ನಾನು ಇಲ್ಲಿಯೇ ಹುಟ್ಟಿದ್ದು."

ಹಿರಿಯರು ತಬ್ಬಿಬ್ಬಾದರು. ತಾವಾಡಿದ ಪ್ರತಿಯೊಂದು ಮಾತೂ ಆಕೆಗೆ ತಿಳಿದಿದೆ ಎಂದು ಅವರಿಗೆ ಆಗ ಹೊಳೆದಿರಬೇಕು. ನನಗೂ ಮುಖ ಎಲ್ಲಿಡಲಿ ಎನ್ನಿಸಿತು. ಅಪ್ಪ ಮಾತ್ರ ಏನೂ ತಿಳಿಯದೆ ನಮ್ಮೆಲ್ಲರ ಮುಖ ನೋಡುತ್ತಿದ್ದ. ಅವನೆದುರು ಅವನಿಗೆ ಗೊತ್ತಿಲ್ಲದ ಭಾಷೆಯಲ್ಲಿ ಅವನ ಹೆಂಡತಿಯ ವಿಷಯ ತೀರ್ಮಾನವಾಗುವುದು ಸರಿಯಲ್ಲವೆನ್ನಿಸಿ ನಾನು ಕನ್ನಡಕ್ಕೆ ತಿರುಗಿದೆ. "ಇವರ ಬಾವಿಗೆ ತೊಂದರೆ ಆಗ್ತದೆ ಅಂತ ಹೆದರಿಕೆ" ಎಂದೆ.

ಆತ ಬಾವಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ಆಮೇಲೆ ಹಿರಿಯರ ಮುಂದೆ ಬಂದು ಕೈ ಮುಗಿದು ನಿಂತ.

"ನಿಮ್ಮ ನೀರು ಕೆಡಬಾರದ್ರಿ ಯಜಮಾನ್ರ. ಅದಕ್ಕ ನಾನೂ ಒಪ್ಪಂಗಿಲ್ಲ. ಆದ್ರ ನಮ್ಮವ್ವ, ನಮ್ಮಪ್ಪ, ನಮ್ಮ ಅಣ್ಣ, ಎಲ್ಲಾರೂ ನೀರಾಗ ಅದಾರ್ರಿ. ಇಕೀನ್ನಾದ್ರೂ ಒಣಾ ಜಾಗಾದಾಗ ಇಡೂಣು ಅಂತ ನನ್ನ ಆಸೆ."

ಆ ಕನ್ನಡ ಹಿರಿಯರಿಗೆ ಪೂರ್ತಿ ಅರ್ಥವಾಗಲಿಲ್ಲ. "ಎಂತ ಹೇಳಿದ್ದು?" ಎಂದು ಹುಡುಗಿಯನ್ನೇ ಕೇಳಿದರು. ಆಕೆ ತುಳುವಿನಲ್ಲಿ ಹೇಳತೊಡಗಿದಳು. ಊರು, ಅಣೆಕಟ್ಟು, ಅಜ್ಜ, ಅಜ್ಜಿ. ಅಮ್ಮ ಎಂಬ ಮಾತು ಬಂದಾಗ ಅವಳ ದನಿ ಒಡೆಯಿತು, ಮುಂದೆ ಹೇಳಲಾಗಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹಿರಿಯರ ಹೆಂಡತಿ ಇಳಿದು ಬಂದು ಆಕೆಯನ್ನು ಒಳಗೆ ಕರಕೊಂಡು ಹೋದರು.

ಹಿರಿಯರು ಕೋಲು ತೆಗೆದುಕೊಂಡು ಬೇಲಿಯ ಕಡೆಗೆ ನಡೆದರು. "ಬನ್ನಿ ಮಾರಾಯ್ರೆ" ಎಂದು ಎಂಜಿನಿಯರನ್ನು ಕರೆದರು. ರುದ್ರಭೂಮಿಯ ಹಿಂಭಾಗದಲ್ಲಿ ನೆಲ ಏರುತ್ತದೆ. ಏರು ಮುಗಿದಲ್ಲಿ ಗೇರು ಮರಗಳಿವೆ, ಅದರಾಚೆ ಇಳಿಜಾರು ಹೊಲಗಳ ಕಡೆಗೆ, ಮಳೆನೀರು ಹರಿಯುವ ತೋಡಿನ ಕಡೆಗೆ ತಿರುಗುತ್ತದೆ. ಎಂಜಿನಿಯರ್ ಅತ್ತಿತ್ತ ನಡೆದು, ಇಲ್ಲಿ ಬಿದ್ದ ನೀರು ಬಾವಿಯ ಕಡೆಗೆ ಬರುವುದಿಲ್ಲ, ಕೆಳಗಿನ ತೋಡಿಗೆ ಹೋಗುವುದಕ್ಕೂ ದೂರ ಉಂಟು ಎಂದು ಹೇಳಿದ. ಹಿರಿಯರು ಅವನ ಮಾತನ್ನು ಸುಲಭಕ್ಕೆ ನಂಬಲಿಲ್ಲ. ಎರಡೆರಡು ಸಲ ಕೇಳಿ, ತಾವೇ ನಿಂತು ಇಳಿಜಾರು ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಆಗಲಿ. ಇಲ್ಲಿಯಾದರೆ ನನ್ನ ಅಡ್ಡಿ ಇಲ್ಲ. ಆದರೆ ಇದಕ್ಕಿಂತ ಕೆಳಗೆ ಯಾವತ್ತೂ ಬರಬಾರದು."

ಅಗೆಯುವುದು ಇನ್ನೊಂದು ಕಷ್ಟವಾಯಿತು. ಮಳೆಗಾಲಕ್ಕೆ ಮೊದಲು ತೋಡುಗಳ ಹೂಳು ತೆಗೆಯಲು ನಮ್ಮ ಜೇಸಿಬಿ ಮಲ್ಪೆಯ ಕಡೆಗೆ ಹೋಗಿತ್ತು. ಇದ್ದಿದ್ದರೂ ಆ ಏರಿಗೆ ಹತ್ತುತ್ತಿರಲಿಲ್ಲ. ನೆಲವೋ ಮುರಕಲ್ಲು, ಬಿಸಿಲಿಗೆ ಕಬ್ಬಿಣದಂತಾಗಿತ್ತು. ಆಕೆಯ ಜೊತೆ ಗುಡಿಸುತ್ತಿದ್ದ ಗಂಡಸರು ಪಾಳಿ ಮುಗಿಸಿ, ಸಮವಸ್ತ್ರದ ಕೋಟನ್ನು ಗೇರು ಮರಕ್ಕೆ ನೇತುಹಾಕಿ, ಪಿಕ್ಕಾಸು ಹಿಡಿದರು. ಗಂಡನ ಜೊತೆ ಕಾಂಕ್ರೀಟು ಕೆಲಸ ಮಾಡುವವರೂ ಬಂದರು. ಪ್ರತಿ ಏಟಿಗೂ ಕಲ್ಲಿನ ಚೂರುಗಳಷ್ಟೇ ಹಾರುತ್ತಿದ್ದವು. ಒಬ್ಬ ದಣಿದರೆ ಇನ್ನೊಬ್ಬ ಇಳಿಯುತ್ತಿದ್ದ. ಹೆಂಗಸರು ಬುಟ್ಟಿಯಲ್ಲಿ ಮಣ್ಣು ಮೇಲೆತ್ತುತ್ತಿದ್ದರು. ನಾನು ಏನು ಮಾಡಬೇಕೆಂದು ತಿಳಿಯದೆ ನೀರಿನ ಬಾಟಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ನಿಂತಿದ್ದೆ.

ಬಿಸಿಲು ಇಳಿಯುವಾಗ ವಾಹನ ಬಂತು. ಆ ಏರನ್ನು ಹೆಗಲ ಮೇಲೆಯೇ ಹತ್ತಿಸಿದರು. ಆಕೆಗೆ ಹಸಿರು ಸೀರೆ ಉಡಿಸಿದ್ದರು. ಮುಖದ ತುಂಬ ಅರಿಶಿನ. ಕಸದ ಕೋಟಿಲ್ಲದೆ ನಾನು ಆಕೆಯನ್ನು ಕಂಡದ್ದು ಅದೇ ಮೊದಲು. ಗಂಡ ಗುಂಡಿಗೆ ತಾನೇ ಇಳಿದು, ಒಳಗಿನ ಕಲ್ಲುಚೂರುಗಳನ್ನು ಕೈಯಿಂದ ಆರಿಸಿ ಹೊರಗೆಸೆದು, ತಲೆ ಇಡುವಲ್ಲಿ ಮಣ್ಣನ್ನು ಅಂಗೈಯಿಂದ ಸಮ ಮಾಡಿದ. ಆಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ನಮ್ಮ ಕಡೆ ಈ ಪದ್ಧತಿ ಇಲ್ಲ. ಹೆಣ ಉರಿಯುವಾಗ ನಾವು ಹಿಂದೆ ಸರಿದು ನಿಲ್ಲುವವರು. ಅಲ್ಲಿ ಆಕೆಯ ಸೀರೆಯ ಮೇಲೆ ನನ್ನ ಕೈಯಿಂದಲೇ ಮಣ್ಣು ಬೀಳುವುದನ್ನು ಕಂಡು ಅಲ್ಲಿಯ ತನಕ ತಡೆದುಕೊಂಡಿದ್ದ ಅಳು ಬಂದುಬಿಟ್ಟಿತು. ಆಕೆಯ ಜೊತೆಗಾರ್ತಿಯೊಬ್ಬಳು ನನ್ನ ಬೆನ್ನು ಸವರಿ, "ಅಳ್ರಿ ಅಕ್ಕಾರ, ಅತ್ತುಬಿಡ್ರಿ" ಎಂದಳು.

ಹಿರಿಯರು ಬೇಲಿಯ ಹತ್ತಿರ ಬಂದು ನಿಂತಿದ್ದರು. ಒಳಗೆ ಬರಲಿಲ್ಲ.

ವಿಷಯ ಅಲ್ಲಿಗೆ ನಿಲ್ಲಬಾರದೆಂದು ನನಗನ್ನಿಸಿತು. ಮಣಿಪಾಲ, ಪರ್ಕಳದ ಸುತ್ತ ಹೀಗೆ ಬಂದು ನೆಲೆಸಿದವರು ಎಷ್ಟೊಂದು ಜನ. ಪ್ರತಿ ಸಲವೂ ಹೆಣ ಇಟ್ಟುಕೊಂಡು ಯಾರದೋ ಅಂಗಳದಲ್ಲಿ ಕೈ ಮುಗಿದು ನಿಲ್ಲುವಂತಾಗಬಾರದು. ಮೇಲಿನ ಮೂಲೆಯನ್ನು ಹೂಳುವವರಿಗಾಗಿ ಗುರುತು ಮಾಡಿ ಬೇಲಿ ಹಾಕಬೇಕೆಂದು ನಾನು ಬರೆದು ಕೊಟ್ಟೆ. ಅದು ಸಭೆಯ ಮುಂದೆ ಬಂದಾಗ ಮಳೆಗಾಲ ಮುಗಿಯುತ್ತಾ ಬಂದಿತ್ತು. ಸದಸ್ಯರಲ್ಲಿ ಒಬ್ಬರು, "ಇವರಿಗೆಲ್ಲ ಅವರವರ ಊರು ಇಲ್ವಾ?" ಎಂದು ಕೇಳಿದರು. ಇನ್ನೊಬ್ಬರು ಬಾವಿಯ ಮಾತೆತ್ತಿದರು. ಅಕ್ಕಪಕ್ಕದವರ ಒಪ್ಪಿಗೆ ಎಲ್ಲಿ ಎಂದರು. ಪ್ರಸ್ತಾಪ ಮುಂದಕ್ಕೆ ಹೋಯಿತು. ನಾನು ಬೇಸರದಿಂದ ಮನೆಗೆ ಬಂದೆ.

ಮುಂದಿನ ಸಭೆಗೆ ಮೊದಲು ಹಿರಿಯರೇ ನನ್ನ ಕಚೇರಿಗೆ ಬಂದರು. ಒಂದು ಮಳೆಗಾಲವಿಡೀ ಕಾದು ನೋಡಿದ್ದರಂತೆ. ಬಾವಿಯ ನೀರನ್ನು ಪರೀಕ್ಷೆಗೂ ಕಳಿಸಿದ್ದರಂತೆ, ಏನೂ ಆಗಿಲ್ಲ ಎಂದರು. "ಒಪ್ಪಿಗೆ ಬೇಕು ಅಂತ ಕೇಳಿದ್ರಂತೆ ಅಲ್ವಾ? ನಾನು ಬಂದು ಹೇಳ್ತೇನೆ." ಹೇಳಿದಂತೆ ಸಭೆಯ ದಿನ ಬಂದು, ಹಿಂದಿನ ಸಾಲಿನಲ್ಲಿ ಕೂತು, ಕೇಳಿದಾಗ ಎದ್ದು ನಿಂತು, ಮೇಲಿನ ಮೂಲೆಗೆ ಮಾತ್ರ ತಮ್ಮ ಒಪ್ಪಿಗೆ, ಕೆಳಗೆ ಒಂದು ಗಜವೂ ಕೂಡದು ಎಂದು ಹೇಳಿ ಕೂತರು. ಅನುಕಂಪದ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಪ್ರಸ್ತಾಪ ಪಾಸಾಯಿತು.

ಬೇಲಿ ಹಾಕಿದ ಮೇಲೆ ಅಲ್ಲಿಗೆ ಮೊದಲು ಬಂದದ್ದು ಹುಟ್ಟಿದ ವಾರದಲ್ಲೇ ತೀರಿಕೊಂಡ ಒಂದು ಕೂಸು. ಕಾಪುವಿನ ರಸ್ತೆ ಕೆಲಸಕ್ಕೆ ಬಂದಿದ್ದ ಕೊಪ್ಪಳದ ದಂಪತಿಯದು. ಅವರು ಯಾರನ್ನೂ ಕೇಳಬೇಕಾಗಲಿಲ್ಲ. ಕಾವಲುಗಾರ ಗೇಟು ತೆರೆದು ದಾರಿ ತೋರಿಸಿದ, ಅಷ್ಟೇ.

ನನಗೆ ಕಾರ್ಕಳಕ್ಕೆ ವರ್ಗವಾದಾಗ ಆ ಅಪ್ಪ ಮಗಳು ನನ್ನನ್ನು ನೋಡಲು ಬಂದರು. ಮಗಳು ಪದವಿ ಮುಗಿಸುತ್ತಿದ್ದಳು. ಇನ್ನು ಮುಂದೆ ಹೇಗೆ, ನಿಮ್ಮ ಕಡೆಗೆ ವಾಪಸು ಹೋಗುವ ಯೋಚನೆ ಏನಾದರೂ ಇದೆಯೇ ಎಂದು ಕೇಳಿದೆ.

ಆತ ಇಲ್ಲವೆಂದು ತಲೆಯಾಡಿಸಿದ. "ಮೊದಲ ಯಾರರೆ ಊರು ಯಾವುದು ಅಂತ ಕೇಳಿದ್ರ ಏನು ಹೇಳ್ಲಿ ಅನ್ನೂದ ದೊಡ್ಡ ಚಿಂತಿ ಆಗಿತ್ರಿ ಅಕ್ಕಾರ. ಈಗ ಉಡುಪಿ ಅಂತೀನಿ. ಇಕಿ ಇಲ್ಲೇ ಅದಾಳಲ್ರೀ."

ಮಗಳು ಅಪ್ಪನ ಕೈ ಹಿಡಿದುಕೊಂಡಳು. ಇಬ್ಬರೂ ಬಸ್ಸಿನ ಹೊತ್ತಾಯಿತೆಂದು ಎದ್ದರು. ನಾನು ಗೇಟಿನ ತನಕ ಹೋಗಿ ಅವರನ್ನು ಕಳಿಸಿಕೊಟ್ಟೆ.